ಮೂರು ಹಸಿರು ದೀಪಗಳು

ಗಂಡ ಮೆಟ್ಟಿಲ ತಿರುವಿನಲ್ಲಿ ನಿಂತು ಮೊಟ್ಟೆ ತಿನ್ನುತ್ತಿದ್ದಾನೆ ಎಂಬುದು ಅವಳಿಗೆ ಮಂಚದ ಮೇಲಿಂದಲೇ ತಿಳಿಯಿತು. ನಡುವೆ ಎರಡು ಬಾಗಿಲುಗಳಿದ್ದವು, ಎರಡೂ ಮುಚ್ಚಿದ್ದವು, ಕೆಳಗಿನ ಸಂದಿಗೆ ಹಳೆಯ ಟವೆಲನ್ನು ಸುತ್ತಿ ತುರುಕಲಾಗಿತ್ತು. ಆದರೂ ವಾಸನೆ ಬಂತು, ಒಳಗೆ ಬರಲು ಯಾರ ಅಪ್ಪಣೆಯೂ ಬೇಕಿಲ್ಲದ ಮನೆ ಮಾಲೀಕನ ಹಾಗೆ, ನಿಧಾನವಾಗಿ, ಸುತ್ತಲೂ ನೋಡುತ್ತ. ಈಗ ಅವನು ತಟ್ಟೆಯನ್ನು ಕಿಟಕಿ ಕಟ್ಟೆಯ ಮೇಲಿಟ್ಟಿರುತ್ತಾನೆ, ಮೇಲಿನ ಮನೆಯ ಹೆಂಗಸು ಕಸದ ಬುಟ್ಟಿ ಹಿಡಿದು ಇಳಿಯುವಾಗ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ಅವಳು ಏನೂ ಕೇಳದಿದ್ದರೂ ‘ಗಾಳಿ ಚೆನ್ನಾಗಿದೆ ಇಲ್ಲಿ’ ಎನ್ನುತ್ತಾನೆ. ಆಮೇಲೆ ಕೆಳಗಿಳಿದು ನಲ್ಲಿಯಲ್ಲಿ ಬಾಯಿ ತೊಳೆದು, ಏಲಕ್ಕಿ ಜಗಿದು, ಬಂದು ಬಾಗಿಲಲ್ಲಿ ನಿಂತು, ಬಾಯಿ ತೆರೆದು ಅವಳ ಕಡೆ ಒಮ್ಮೆ ಉಸಿರು ಬಿಡುತ್ತಾನೆ. ಅವಳು ತಲೆಯಾಡಿಸಿದರೆ ಒಳಗೆ ಬರುತ್ತಾನೆ, ಇಲ್ಲವಾದರೆ ಮತ್ತೆ ಕೆಳಗಿಳಿಯುತ್ತಾನೆ. ದಿನವಿಡೀ ಕನ್ನಡಕದಂಗಡಿಯಲ್ಲಿ ಬೇರೆಯವರಿಗೆ ಅಕ್ಷರ ತೋರಿಸಿ ‘ಇದು ಕಾಣುತ್ತಾ, ಇದು?’ ಎಂದು ಪರೀಕ್ಷೆ ಮಾಡುವ ಮನುಷ್ಯ. ಇವತ್ತು ಅವನು ಬಾಯಿ ತೆರೆದಾಗ ಅವಳು ಕಣ್ಣು ಮುಚ್ಚಿ ಗೋಡೆಯ ಕಡೆ ಹೊರಳಿದಳು. ಅವನು ಮತ್ತೆ ಇಳಿದುಹೋದ. ಅವನ ಚಪ್ಪಲಿಯ ಸದ್ದು ಒಂದೊಂದು ಮೆಟ್ಟಿಲಿಗೂ ಅವಳ ಮೇಲೊಂದು ದೂರು ಕೊಡುತ್ತಿತ್ತು.

‘ಇವಳು ಬಸುರಿಯಾಗಿದ್ದಾಳೋ, ಪೊಲೀಸ್ ಆಗಿದ್ದಾಳೋ,’ ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಪಾತ್ರೆಗಳಿಗೆ ಹೇಳಿದ ಮಾತು ಅದು. ಅತ್ತೆ ಸೊಸೆಗೆ ಹೇಳಬೇಕಾದ್ದನ್ನೆಲ್ಲ ಪಾತ್ರೆಗಳಿಗೇ ಹೇಳುತ್ತಾರೆ. ‘ನಾನು ಮೂರು ಹೆತ್ತೆ. ಒಂದು ದಿನ ಹೊಟ್ಟೆ ತೊಳೆಸಿದೆ ಅಂತ ಕೂತವಳಲ್ಲ. ನನ್ನ ಕೈ ಅಡುಗೆ ಸೇರಲ್ಲ ಅಂದ್ರೆ ನೇರ ಹೇಳ್ಲಿ.’

‘ನಿಮ್ಮ ಅಡುಗೆ ಅಂತಲ್ಲ ಅತ್ತೆ, ಯಾವ ಅಡುಗೇನೂ ಸೇರಲ್ಲ.’

‘ಹಾಗಂದ್ರೆ ನನ್ನದೂ ಸೇರ್ಕೊಂಡೇ ಬಂತಲ್ಲ.’

ಅನ್ನ ಬೇಯುವ ಆವಿ, ಹಾಲು ಕಾಯುವ ವಾಸನೆ, ಈರುಳ್ಳಿ, ಬೇಳೆ, ಎಣ್ಣೆ, ಹೀಗೆ ಒಂದೊಂದಾಗಿ ಅವಳಿಗೆ ಶತ್ರುಗಳಾದವು, ಯಾವತ್ತು ಯಾವುದು ಎಂದು ಹೇಳಿ ಬರಲಿಲ್ಲ. ಎಲ್ಲಕ್ಕಿಂತ ಮೇಲಿನದು ಸಿಹಿ. ಬಿಸಿ ಸಕ್ಕರೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಕಣ್ಣಲ್ಲಿ ನೀರು, ಕಿವಿಯೊಳಗೆ ಜೇನು ಹುಳ. ತಣ್ಣಗಿನ ಗಂಜಿ, ಸೌತೆಕಾಯಿಯ ಒಂದೆರಡು ಹೋಳು, ಅಷ್ಟೇ ಒಳಗೆ ನಿಲ್ಲುತ್ತಿದ್ದವು. ಕೆಲವು ದಿನ ಅವೂ ಇಲ್ಲ. ತೂಕ ಇಳಿದಿತ್ತು. ‘ಏನು ಸೇರುತ್ತೋ ಅದನ್ನ ತಿನ್ನಿ’ ಎಂದು ಡಾಕ್ಟರು ಹೇಳಿದಾಗ, ಏನೂ ಸೇರದವರು ಏನು ತಿನ್ನಬೇಕೆಂದು ಕೇಳಬೇಕೆನಿಸಿತ್ತು, ಆದರೆ ಹೊರಗೆ ಸಾಲು ಕಾಯುತ್ತಿತ್ತು, ಮತ್ತು ಅಂಥ ಪ್ರಶ್ನೆ ಅವಳಿಗೆ ಸೊಕ್ಕಿನದಾಗಿ ಕೇಳಿಸಿತು. ರಾತ್ರಿ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದಾಗ ಬರುವ ಪ್ರಶ್ನೆ ಬೇರೆ: ಇಷ್ಟೆಲ್ಲ ಬೇಡ ಎನ್ನುತ್ತಿರುವುದು ತಾನೋ, ಒಳಗಿರುವುದೋ? ಅಥವಾ, ಮಗುವೇ ಬೇಡ ಎಂದು ತನ್ನೊಳಗಿನ ಯಾವುದೋ ಮೂಲೆ ಹೇಳುತ್ತಿದ್ದು, ಅದನ್ನು ಬಾಯಿಬಿಟ್ಟು ಹೇಳಲಾರದೆ ಅನ್ನದ ಮೇಲೆ, ಹಾಲಿನ ಮೇಲೆ ಹಾಕುತ್ತಿದೆಯೋ? ಹೀಗೆ ಯೋಚಿಸಿದ ಮಾರನೆಯ ಬೆಳಿಗ್ಗೆ ಅವಳು ಒಂದು ಲೋಟ ಹಾಲನ್ನು ಮೂಗು ಹಿಡಿದು ಕುಡಿಯುತ್ತಿದ್ದಳು, ಮತ್ತು ಬಚ್ಚಲಿಗೆ ಓಡುತ್ತಿದ್ದಳು, ಮತ್ತು ಬಚ್ಚಲಲ್ಲಿ ಕುಳಿತು ಮಗುವಿನ ಹತ್ತಿರ ಕ್ಷಮೆ ಕೇಳುತ್ತಿದ್ದಳು.

ಇದರ ಮೇಲೆ ಅವಳ ಉದ್ಯೋಗ ತಿನ್ನುವುದು. ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವ ಮೂವರಲ್ಲಿ ಅವಳೊಬ್ಬಳು. ಸಂದರ್ಶನದ ದಿನ ನೀರಿಟ್ಟ ಲೋಟಗಳ ಸಾಲಿನಲ್ಲಿ ಯಾವುದರಲ್ಲಿ ಒಂದು ಹರಳು ಉಪ್ಪಿದೆ ಎಂದು ತಡವರಿಸದೆ ತೋರಿಸಿದವಳು. ಓದಿದ ಕಾಲೇಜಿಗಿಂತ, ಕಟ್ಟಿಕೊಂಡ ಗಂಡನಿಗಿಂತ, ಇಷ್ಟು ವರ್ಷಗಳಲ್ಲಿ ಅವಳು ನಿಜವಾಗಿ ನಂಬಿಕೊಂಡದ್ದು ಈ ನಾಲಿಗೆಯನ್ನು. ಅಲ್ಲಿ ಒಂದು ನಿಯಮವಿತ್ತು, ಎಲ್ಲೂ ಬರೆದದ್ದಲ್ಲ, ಆದರೆ ಬರೆದದ್ದಕ್ಕಿಂತ ಗಟ್ಟಿ: ಬಸುರಿಯ ನಾಲಿಗೆ ನಂಬುವಂಥದಲ್ಲ. ಗೊತ್ತಾದ ದಿನವೇ ಪೊಟ್ಟಣ ಕಟ್ಟುವ ವಿಭಾಗಕ್ಕೆ ಕಳಿಸುತ್ತಾರೆ. ಅವಳಿಗಿಂತ ಮೊದಲು ರುಚಿ ನೋಡುವ ನಡುವಿನ ಗೂಡಿನಲ್ಲಿ ಕೂರುತ್ತಿದ್ದವಳು ಹಾಗೆ ಹೋದವಳು, ಅವಳ ಮಗು ಈಗ ಶಾಲೆಗೆ ಹೋಗುತ್ತದೆ, ಅವಳು ಇನ್ನೂ ತಲೆಗೆ ಬಲೆ ಹಾಕಿಕೊಂಡು ಪೊಟ್ಟಣ ಕಟ್ಟುತ್ತಿದ್ದಾಳೆ. ಅದಕ್ಕೇ ಇವಳು ಹೇಳಿರಲಿಲ್ಲ. ಸಡಿಲವಾದ ಬಿಳಿ ಕೋಟು ಇನ್ನೂ ಕೆಲವು ವಾರ ಕಾಪಾಡುತ್ತದೆ, ಅಷ್ಟರಲ್ಲಿ ವಾಕರಿಕೆ ನಿಲ್ಲುತ್ತದೆ, ನಿಂತರೆ ಯಾರಿಗೂ ಏನೂ ಗೊತ್ತಾಗದೆ ಹೆರಿಗೆಯವರೆಗೆ ಹೋಗಿಬಿಡಬಹುದು ಎಂದು ಅವಳು ಲೆಕ್ಕ ಹಾಕಿದ್ದಳು. ಅದು ಎಂಥ ಹುಚ್ಚು ಲೆಕ್ಕ ಎಂಬುದೂ ಅವಳಿಗೆ ಗೊತ್ತಿತ್ತು.

ಕಾರ್ಖಾನೆಯ ಗೇಟಿನ ಹತ್ತಿರ ಹಿಟ್ಟು ಕಲೆಸುವವನು ನಿಂತಿದ್ದ. ಅವನನ್ನು ನೋಡಿ ಅವಳು ರಸ್ತೆಯ ಆಚೆ ಬದಿಗೆ ದಾಟಿದಳು, ಅವನೂ ದಾಟಿದ.

‘ಮೇಡಂ, ನೀವಾದ್ರೂ ಹೇಳಿ ಅವರಿಗೆ. ನಾನು ಸಕ್ಕರೆ ಹಾಕಿಲ್ಲ.’

‘ನಂಗೆ ತಡ ಆಗ್ತಿದೆ.’

‘ಮೂಟೆ ಪಕ್ಕದಲ್ಲೇ ಇತ್ತು ಮೇಡಂ. ಹಗ್ಗ ಕೂಡ ಬಿಚ್ಚಿಲ್ಲ. ನನ್ನ ತಪ್ಪು ಅಂತ ನಾನೇ ಹೇಳ್ತಿದ್ದೀನಲ್ಲ, ಇನ್ನೇನು ಬೇಕು ಅವರಿಗೆ?’

ಸಂಗತಿ ಹೀಗಿತ್ತು. ಹೋದ ವಾರ ಒಂದು ಪಾಳಿಯ ಬಿಸ್ಕತ್ತು ಸಕ್ಕರೆಯೇ ಇಲ್ಲದೆ ಹೊರಗೆ ಹೋಯಿತು. ಅಂಗಡಿಯವರು ಫೋನು ಮಾಡಿದರು. ಹಿಟ್ಟು ಕಲೆಸುವವನು ತಾನಾಗಿ ಮ್ಯಾನೇಜರ್ ಹತ್ತಿರ ಹೋಗಿ ತಪ್ಪೊಪ್ಪಿಕೊಂಡ. ಮ್ಯಾನೇಜರ್ ಒಪ್ಪಲಿಲ್ಲ. ರುಚಿ ನೋಡುವ ಮೂವರೂ ಸರಿ ಎಂದು ಒತ್ತಿ, ಆ ಪಾಳಿಗೆ ಮೂರು ಹಸಿರು ದೀಪ ಹತ್ತಿದ್ದವು. ಮೂರು ಹಸಿರು ಹತ್ತಿದ ಮೇಲೆ ಅದರಲ್ಲಿ ಸಕ್ಕರೆ ಇರಲೇಬೇಕು. ಅಂಗಡಿಯವರದ್ದು ಕಿತಾಪತಿ. ಇವನದ್ದು ಅದಕ್ಕಿಂತ ದೊಡ್ಡ ಕಿತಾಪತಿ, ಕಂಪನಿಯ ಹೆಸರು ಕೆಡಿಸಲು ಯಾರೋ ಎತ್ತಿಕಟ್ಟಿದ್ದು. ಹೀಗಾಗಿ ಅವನನ್ನು ಕೆಲಸದಿಂದ ತೆಗೆಯುವ ಮಾತು ನಡೆದಿತ್ತು. ಸಕ್ಕರೆ ಮರೆತದ್ದಕ್ಕಲ್ಲ, ಮರೆತೆ ಎಂದು ಹೇಳಿದ್ದಕ್ಕೆ. ‘ಮರೆತಿಲ್ಲ ಅಂತ ಒಂದು ಮಾತು ಹೇಳು, ಒಳಗೆ ಬಾ’ ಎಂದಿದ್ದರಂತೆ. ‘ಸುಳ್ಳು ಹೇಗೆ ಹೇಳೋದು ಮೇಡಂ, ಹಗ್ಗ ಬಿಚ್ಚಿಲ್ಲ ನಾನು,’ ಎನ್ನುತ್ತ ಅವನು ಅವಳ ಹಿಂದೆಯೇ ಗೇಟಿನವರೆಗೆ ಬಂದು, ಅಲ್ಲಿ ಒಂದು ಗೆರೆ ಎಳೆದಿದೆಯೋ ಎಂಬಂತೆ ನಿಂತ. ಅವಳು ತಿರುಗಿ ನೋಡಲಿಲ್ಲ. ಮೂರರಲ್ಲಿ ಒಂದು ದೀಪ ಅವಳದು. ಆ ದಿನ ಅವಳು ಬಿಸ್ಕತ್ತನ್ನು ಬಾಯಿಗೇ ಇಟ್ಟಿರಲಿಲ್ಲ.

ಗೂಡುಗಳು ಮೂರು, ನಡುವೆ ತೆಳ್ಳನೆಯ ಹಲಗೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬಾರದು, ಮುಖ ನೋಡಿದರೆ ಅಭಿಪ್ರಾಯ ಅಂಟುತ್ತದೆ ಎಂದು ಮ್ಯಾನೇಜರ್ ಕಟ್ಟಿಸಿದ್ದು. ಎಡಗಡೆ ದೊಡ್ಡಪ್ಪ, ಅಂದರೆ ಕಾರ್ಖಾನೆಯವರೆಲ್ಲ ಹಾಗೆ ಕರೆಯುವ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಬಲಗಡೆ ಅಕ್ಕ, ದೊಡ್ಡ ಕೈಚೀಲದ, ದೊಡ್ಡ ನಗೆಯ ಹೆಂಗಸು. ಮುಂದೆ ಒಂದು ತಟ್ಟೆ, ನೀರು, ಉಗಿಯುವ ಬೋಗುಣಿ, ಸ್ವಿಚ್ಚು. ಒಂದು ಕಡೆ ಒತ್ತಿದರೆ ಹೊರಗೆ ಗೋಡೆಯ ಮೇಲೆ ಹಸಿರು, ಇನ್ನೊಂದು ಕಡೆ ಕೆಂಪು. ಅಗಿಯಬೇಕು, ಉಗಿಯಬೇಕು, ಒತ್ತಬೇಕು. ಅವಳು ಅಗಿಯಲಾರದವಳಾದಾಗ ಮೊದಲು ಹೆದರಿದ್ದು ಅಗಿಯುವ ಸದ್ದು ಇಲ್ಲದ್ದಕ್ಕೆ: ಹಲಗೆಯ ಆಚೆಯಿಂದ ಕಿವಿಗಳು ಇತ್ತ ತಿರುಗಿರುವ ಹಾಗೆ ಅನಿಸಿ, ಕೋಟಿನ ಜೇಬಿನಲ್ಲಿ ಬಳಪ ತರತೊಡಗಿದಳು. ಬಳಪ ಮಾತ್ರ ಅವಳ ಬಾಯಿಗೆ ಹಿತವಾಗಿತ್ತು, ಮಣ್ಣಿನ ತಂಪು, ಯಾರೂ ಬೇಯಿಸದ ವಸ್ತು. ಬಿಸ್ಕತ್ತು ಕರ್ಚೀಫಿಗೆ, ಬಳಪ ಹಲ್ಲಿಗೆ, ಕಟಕ್ ಎಂಬ ಸದ್ದು ಹಲಗೆಗಳಿಗೆ. ಆಮೇಲೆ ಉಸಿರು ಹಿಡಿದು ಅಕ್ಕಪಕ್ಕದ ಸ್ವಿಚ್ಚುಗಳನ್ನು ಕೇಳಿಸಿಕೊಳ್ಳುವುದು. ಬೇಗ ಟಕ್ ಎಂದರೆ ಹಸಿರು. ತಡವಾದರೆ ಕೆಂಪು. ಅವರ ನಾಲಿಗೆಯ ನೆರಳಲ್ಲಿ ತನ್ನ ಉದ್ಯೋಗ ಉಳಿದಿದೆ ಎಂಬ ನಾಚಿಕೆಯಲ್ಲಿ ಅವಳು ಮಧ್ಯಾಹ್ನ ಅವರಿಬ್ಬರ ಟೀ ಲೋಟಗಳನ್ನೂ ತಾನೇ ತೊಳೆದಿಡುತ್ತಿದ್ದಳು.

ಇವತ್ತು ತಟ್ಟೆ ಬಂದಾಗ ಜೇಬಿಗೆ ಕೈ ಹಾಕಿದರೆ ಬಳಪ ಇರಲಿಲ್ಲ. ಬೇರೆ ಕೋಟಿನಲ್ಲಿ ಉಳಿದಿತ್ತು. ಒಲೆಯಿಂದ ಆಗಷ್ಟೇ ಬಂದ ಬಿಸ್ಕತ್ತು ಅವಳ ಮುಖಕ್ಕೆ ತನ್ನ ಸಿಹಿ ಉಸಿರನ್ನು ಬಿಡುತ್ತಿತ್ತು, ಥೇಟ್ ಬಾಗಿಲಲ್ಲಿ ನಿಂತ ಗಂಡನ ಹಾಗೆ. ಸರಿ, ಅವರು ಒತ್ತಲಿ, ಕೇಳಿಸಿಕೊಂಡು ಒತ್ತಿದರಾಯಿತು ಎಂದು ಕಾದಳು. ಎಡಗಡೆ ಸದ್ದಿಲ್ಲ. ಬಲಗಡೆ ಸದ್ದಿಲ್ಲ. ದೊಡ್ಡಪ್ಪ ಒಮ್ಮೆ ಕೆಮ್ಮಿದರು. ಅಕ್ಕನ ಬಳೆ ಒಮ್ಮೆ ಮೇಜಿಗೆ ತಾಗಿತು. ಮತ್ತೆ ನಿಶ್ಶಬ್ದ, ಬಹಳ ಹೊತ್ತು. ಹೊರಗೆ ಕಾರ್ಖಾನೆ ತನ್ನ ಪಾಡಿಗೆ ಬೇಯಿಸುತ್ತಿತ್ತು, ಒಳಗೆ ಮೂವರು ಮೂರು ತಟ್ಟೆಗಳ ಮುಂದೆ ಬಸ್ಸು ಕಾಯುವವರಂತೆ ಕೂತಿದ್ದರು. ಏನಾಗುತ್ತಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಕೊನೆಗೆ ತಡೆಯಲಾರದೆ, ಮೇಜಿನ ಮೇಲಿದ್ದ ಪೆನ್ಸಿಲನ್ನು ತೆಗೆದು ತುದಿಯನ್ನು ಕಟಕ್ಕೆಂದು ಕಚ್ಚಿದಳು. ತಕ್ಷಣ ಎಡಗಡೆ ಟಕ್. ಬಲಗಡೆ ಟಕ್.

ಅವಳು ಪೆನ್ಸಿಲನ್ನು ಬಾಯಲ್ಲಿಟ್ಟುಕೊಂಡೇ ಕೂತಳು. ಬಿಡಿಬಿಡಿಯಾಗಿ ಕಂಡಿದ್ದೆಲ್ಲ ಈಗ ಒಟ್ಟಿಗೆ ಬಂದು ಎದುರು ನಿಂತಿತು. ಅಕ್ಕನ ಟೀಗೆ ಸಕ್ಕರೆ ಇರುವುದಿಲ್ಲ, ಕೈಚೀಲದಲ್ಲಿ ಚುಚ್ಚಿಕೊಳ್ಳುವ ಸೂಜಿ ಇದೆ, ಒಮ್ಮೆ ಬಚ್ಚಲಲ್ಲಿ ಬಾಗಿಲು ಹಾಕದೆ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದದ್ದನ್ನು ಇವಳು ನೋಡಿ ನೋಡದ ಹಾಗೆ ಬಂದಿದ್ದಳು. ದೊಡ್ಡಪ್ಪ ಬೇಸಿಗೆಯ ಜ್ವರದಿಂದ ಎದ್ದು ಬಂದ ಮೇಲೆ ಒಂದು ದಿನ ಅವರ ಕುರ್ಚಿಯ ಕೆಳಗೇ ವೈರು ಸುಟ್ಟು ಎಲ್ಲರೂ ಮೂಗು ಮುಚ್ಚಿ ಹೊರಗೆ ಓಡಿದಾಗ, ‘ಏನಾಯ್ತು, ಯಾಕೆ ಓಡ್ತಿದ್ದೀರಿ?’ ಎಂದು ಕೇಳುತ್ತ ಅಲ್ಲೇ ಕೂತಿದ್ದರು. ಅವರಿಗೆ ಮೂಗಿಲ್ಲ, ಅದರ ಜೊತೆ ರುಚಿಯೂ ಇಲ್ಲ; ಅಕ್ಕನಿಗೆ ಸಕ್ಕರೆ ವಿಷ. ಇಬ್ಬರೂ ನಡುವಿನ ಗೂಡಿನ ಒಳ್ಳೆಯ ನಾಲಿಗೆಯನ್ನು ನಂಬಿ, ಅದು ಅಗಿಯುವ ಸದ್ದು ಕೇಳಿ ಒತ್ತುತ್ತಿದ್ದರು. ಅವಳು ಅವರ ಟಕ್ ಕೇಳಿ ಒತ್ತುತ್ತಿದ್ದಳು. ಅಂದರೆ ಈ ಕಾರ್ಖಾನೆಯ ಬಿಸ್ಕತ್ತನ್ನು ಎಷ್ಟೋ ವಾರಗಳಿಂದ ಯಾರೂ ತಿಂದೇ ಇಲ್ಲ. ಪಾಸು ಮಾಡುತ್ತಿದ್ದದ್ದು ಒಂದು ಬಳಪ. ನಗು ಬಂತು. ನಗುವಿನ ಬೆನ್ನಿಗೇ ವಾಕರಿಕೆ ಬಂತು. ಗೇಟಿನ ಹೊರಗೆ ನಿಂತವನ ನೆನಪಾಗಿ ಎರಡೂ ಗಂಟಲಲ್ಲೇ ನಿಂತವು.

ಆಗಲೇ ಮ್ಯಾನೇಜರ್ ಮೂವರನ್ನೂ ತಮ್ಮ ಕೋಣೆಗೆ ಕರೆಸಿದರು. ಹಿಟ್ಟು ಕಲೆಸುವವನನ್ನೂ ಒಳಗೆ ಬಿಟ್ಟಿದ್ದರು, ಅವನು ಗೋಡೆಗೆ ಒರಗದೆ ಗೋಡೆಯ ಹತ್ತಿರ ನಿಂತಿದ್ದ. ಮ್ಯಾನೇಜರ್ ಒಂದು ವಾರದಲ್ಲಿ ಇಳಿದುಹೋಗಿದ್ದರು. ಮೇಜಿನ ಮೇಲೆ ಮಾತ್ರೆಯ ಬಾಟಲಿಗಳು, ನಾಲಿಗೆ ಉಜ್ಜುವ ಹೊಸದೊಂದು ತಗಡು. ನಡುವೆ ಆ ಪಾಳಿಯ ಒಂದು ಪೊಟ್ಟಣ; ಅಂಗಡಿಗಳಿಂದ ವಾಪಸು ಬಂದ ಮಿಕ್ಕದ್ದೆಲ್ಲ ಕೋಳಿ ಸಾಕುವವರ ಪಾಲಾಗಿತ್ತು.

‘ನಿಮ್ಮ ಹತ್ತಿರ ಮುಚ್ಚಿಡೋದೇನಿದೆ,’ ಎಂದರು. ‘ನಾನೂ ತಿಂದು ನೋಡಿದೆ. ನಂಗೂ ಸಿಹಿ ಹತ್ತಲಿಲ್ಲ. ಮನೇಲಿ ಇವಳೂ ಸಪ್ಪೆ ಅಂದ್ಲು, ಅವಳ ಜೊತೆ ಜಗಳ ಆಡಿದೆ. ಆಮೇಲೆ ಯೋಚನೆ ಮಾಡ್ದೆ, ನೀವು ಮೂರು ಜನ ಹಸಿರು ಕೊಟ್ಟಿದ್ದೀರಿ ಅಂದ್ಮೇಲೆ ಕೆಟ್ಟಿರೋದು ನನ್ನ ನಾಲಿಗೇನೇ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ಸಂಜೆ ಉಜ್ಕೋತೀನಿ. ಏನು ತಿಂದರೂ ಇದು ನಿಜವಾಗ್ಲೂ ಹೀಗಿದ್ಯಾ ಅನ್ಸುತ್ತೆ.’ ಆಮೇಲೆ ಗೋಡೆಯ ಕಡೆ ತೋರಿಸಿ, ‘ಇವತ್ತು ನೀವು ಇವನ ಎದುರಿಗೇ ತಿಂದು ಹೇಳ್ಬಿಡಿ. ಇವನ ಬಾಯಿ ಮುಚ್ಚಲಿ, ಮುಗಿಸೋಣ.’

‘ಹೇಳ್ಬಿಡಿ,’ ಎಂದ ಹಿಟ್ಟು ಕಲೆಸುವವನು, ಆಸೆಯಿಂದ.

ಇಲ್ಲಿ ಹಲಗೆಗಳಿರಲಿಲ್ಲ. ದೊಡ್ಡಪ್ಪ ಅಕ್ಕನನ್ನು ನೋಡಿದರು, ಅಕ್ಕ ಇವಳನ್ನು ನೋಡಿದಳು. ‘ಪುಟ್ಟಿ ಮೊದಲು ನೋಡ್ಲಿ,’ ಎಂದಳು ಅಕ್ಕ, ‘ಅವಳ ನಾಲಿಗೆ ಚೆನ್ನಾಗಿದೆ.’ ದೊಡ್ಡಪ್ಪ ತಲೆಯಾಡಿಸಿದರು. ಪೊಟ್ಟಣ ಅವಳ ಮುಂದೆ ಬಂತು. ಬಚ್ಚಲು ಎಷ್ಟು ದೂರವಿದೆ, ನಡುವೆ ಯಾರ ಕುರ್ಚಿ ಅಡ್ಡವಿದೆ ಎಂದು ನೋಡಿಕೊಂಡು, ಉಸಿರು ಬಿಗಿಹಿಡಿದು ಅವಳು ಒಂದನ್ನು ಕಚ್ಚಿದಳು.

ಏನೂ ಆಗಲಿಲ್ಲ. ಇನ್ನೊಮ್ಮೆ ಕಚ್ಚಿದಳು. ಗೋಧಿ ಇತ್ತು, ಉಪ್ಪು ಇತ್ತು, ಅಂಚಿನಲ್ಲಿ ಸ್ವಲ್ಪ ಸೀದ ಕಹಿ ಇತ್ತು, ತೀರ ಹಿಂದೆ ಎಲ್ಲೋ ಹಾಲಿನ ಪುಡಿ ಮೈ ಮುದುಡಿ ಕೂತಿತ್ತು, ಒಂದೊಂದೂ ತನ್ನ ತನ್ನ ಜಾಗದಲ್ಲಿ, ಯಾರೂ ಯಾರ ಮೇಲೂ ಬೀಳದೆ. ನಾಲಿಗೆ ಊರಿಗೆ ಹೋಗಿದ್ದು ವಾಪಸು ಬಂದು ಬಾಗಿಲು ತೆರೆದು, ಕಿಟಕಿ ತೆರೆದು, ಎಲ್ಲ ಇಟ್ಟಲ್ಲೇ ಇದೆಯೇ ಎಂದು ನೋಡುತ್ತಿರುವ ಹಾಗಿತ್ತು. ನುಂಗಿದಳು. ಹೊಟ್ಟೆ ಒಂದು ಕ್ಷಣ ಯೋಚಿಸಿ, ಇಟ್ಟುಕೊಂಡಿತು. ಆಮೇಲೆ ಏನು ನಡೆಯಿತೆಂದು ಅವಳಿಗೆ ಸರಿಯಾಗಿ ನೆನಪಿಲ್ಲ. ಕೈ ಪೊಟ್ಟಣಕ್ಕೆ ಹೋಗುತ್ತಿತ್ತು, ಬಾಯಿಗೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಪುಡಿ ಕೋಟಿನ ಮೇಲೆ ಉದುರಿತು, ಅವಳು ಬೆರಳಿಂದ ಒತ್ತಿ ಅದನ್ನೂ ನೆಕ್ಕಿದಳು. ಎಲ್ಲರೂ ನೋಡುತ್ತಿದ್ದಾರೆ ಎಂದು ಗೊತ್ತಿತ್ತು. ಬಸ್ಸಿನಲ್ಲಿ ತಿನ್ನುವವರನ್ನು ಕೂಡ ನೇರ ನೋಡದ ತಾನು ಹೀಗೆ ಹಸಿದ ಪ್ರಾಣಿಯಂತೆ ಮೇಜಿನ ಎದುರು ಕೂತಿದ್ದೇನೆಂದು ಗೊತ್ತಿತ್ತು. ಗೊತ್ತಿರುವುದು ಬೇರೆ ಕೋಣೆಯಲ್ಲಿತ್ತು.

ಮ್ಯಾನೇಜರ್ ಮುಖ ಅರಳಿತು. ‘ನೋಡೋ,’ ಎಂದರು ಗೋಡೆಯ ಕಡೆಗೆ, ‘ಇಷ್ಟು ವರ್ಷದಲ್ಲಿ ಟೇಸ್ಟರ್ ಒಬ್ರು ಉಗೀದೆ ತಿಂದಿದ್ದು ನೋಡಿದ್ದೀಯಾ? ಸಕ್ಕರೆ ಇಲ್ಲದೆ ಹೀಗೆ ತಿಂತಾರಾ?’

‘ಚೆನ್ನಾಗಿದೆ,’ ಎಂದರು ದೊಡ್ಡಪ್ಪ, ಪೊಟ್ಟಣ ಮುಟ್ಟದೆ.

‘ಹಸಿರೇ,’ ಎಂದಳು ಅಕ್ಕ.

ಹಿಟ್ಟು ಕಲೆಸುವವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ, ಅವು ಆ ದಿನ ಹಗ್ಗ ಬಿಚ್ಚಿದ್ದವೇನೋ, ತನಗೇ ಮರೆತಿರಬಹುದೇನೋ ಎಂದು ಮೊದಲ ಬಾರಿಗೆ ಅನುಮಾನ ಬಂದವನ ಹಾಗೆ. ಅದನ್ನು ನೋಡಿದ್ದೇ ಅವಳ ದವಡೆ ನಿಂತಿತು. ಹೋದ ವಾರದಿಂದ ಒಬ್ಬರಾದ ಮೇಲೊಬ್ಬರು ಈ ಕೋಣೆಯಲ್ಲಿ ತಮ್ಮ ಬಾಯನ್ನು, ತಮ್ಮ ಕೈಯನ್ನು ನಂಬದವರಾಗುತ್ತಿದ್ದಾರೆ, ಮತ್ತು ಅದೆಲ್ಲ ತನ್ನ ಕೋಟಿನ ಜೇಬಿನಿಂದ ಹೊರಟದ್ದು.

‘ಸಕ್ಕರೆ ಇಲ್ಲ ಸಾರ್,’ ಎಂದಳು. ಬಾಯಿ ತುಂಬಿದ್ದರಿಂದ ಇನ್ನೊಮ್ಮೆ ಹೇಳಬೇಕಾಯಿತು.

‘ಏನು?’

‘ಇದಕ್ಕೆ ಸಕ್ಕರೆ ಬಿದ್ದಿಲ್ಲ. ಅವರು ಹೇಳ್ತಿರೋದು ನಿಜ.’

‘ಮತ್ತೆ ಹೋದ ವಾರ ಹಸಿರು ಹೇಗೆ ಒತ್ತಿದ್ರಿ?’

‘ತಿಂದಿರಲಿಲ್ಲ. ಬಳಪ ಕಚ್ಚಿದ್ದೆ. ಸಿಹಿ ಅಂದ್ರೆ ವಾಂತಿ ಬರುತ್ತೆ ಸಾರ್. ನಾನು ಬಸುರಿ.’

ಅಕ್ಕ ಕೈಚೀಲವನ್ನು ತೊಡೆಯ ಮೇಲೆ ಹತ್ತಿರ ಎಳೆದುಕೊಂಡಳು. ದೊಡ್ಡಪ್ಪ ಕಿಟಕಿಯ ಹೊರಗೆ ಏನನ್ನೋ ಹುಡುಕಿದರು. ಇವರಿಬ್ಬರ ವಿಷಯ ಅವಳ ನಾಲಿಗೆಯ ತುದಿಗೆ ಬಂದಿತ್ತು; ಅದನ್ನು ಬಿಸ್ಕತ್ತಿನ ಕೊನೆಯ ಪುಡಿಯ ಜೊತೆಗೆ ನುಂಗಿದಳು. ಮ್ಯಾನೇಜರ್ ಬಹಳ ಹೊತ್ತು ಅವಳ ಕೋಟನ್ನು ನೋಡಿದರು. ಆಮೇಲೆ ಅವರ ಮುಖದಲ್ಲಿ ಹೊಸ ಸಂಕಟ ಕಾಣಿಸಿತು.

‘ಬಸುರಿ ಅಂದ್ಮೇಲೆ ನಿಮ್ಮ ನಾಲಿಗೆ ಲೆಕ್ಕಕ್ಕಿಲ್ಲ,’ ಎಂದರು. ‘ಸಕ್ಕರೆ ಇಲ್ಲ ಅಂತ ನೀವು ಹೇಳೋದನ್ನ ನಾನು ಹೇಗೆ ನಂಬೋದು? ಇವರಿಬ್ಬರು ಹಸಿರು ಅಂತಿದ್ದಾರೆ.’

ಅವಳು ಪೊಟ್ಟಣದೊಳಗೆ ಕೈ ಹಾಕಿದಳು. ಒಂದೇ ಒಂದು ಉಳಿದಿತ್ತು. ಅದನ್ನು ತೆಗೆದು ಅವರ ಕಡೆ ಚಾಚಬೇಕೆಂದು ನಿರ್ಧರಿಸಿದಳು, ಚಾಚಿದಳು ಕೂಡ, ಆದರೆ ಬೆರಳುಗಳು ಬಿಡಲಿಲ್ಲ. ಮ್ಯಾನೇಜರ್ ಆ ಕಡೆಯಿಂದ ಹಿಡಿದರು, ಅವಳು ಈ ಕಡೆಯಿಂದ ಹಿಡಿದಿದ್ದಳು. ಒಬ್ಬ ಮನುಷ್ಯನ ಅನ್ನ ಇದರಲ್ಲಿದೆ ಎಂದು ಅವಳು ಬೆರಳುಗಳಿಗೆ ತಿಳಿಹೇಳಿದಳು. ನಾಳೆ ಬೆಳಿಗ್ಗೆ ಮತ್ತೆ ಆ ಅಡುಗೆಮನೆ, ಆ ಆವಿ, ಆ ಹಾಲು, ಇದು ಕೊನೆಯದು ಎಂದು ಬೆರಳುಗಳು ಅವಳಿಗೆ ತಿಳಿಹೇಳಿದವು. ಹೀಗೆ ಸ್ವಲ್ಪ ಹೊತ್ತು ಮೇಜಿನ ಮೇಲೆ ಎಳೆದಾಟ ನಡೆಯಿತು, ಇಬ್ಬರೂ ಬಹಳ ಮರ್ಯಾದೆಯಿಂದ, ಮುಖ ನೋಡದೆ. ಕೊನೆಗೆ ಅವಳು ಬಿಟ್ಟಳು.

‘ದೀಪ ಮರೆತುಬಿಡಿ ಸಾರ್. ನಮ್ಮ ಯಾರ ಮುಖಾನೂ ನೋಡ್ಬೇಡಿ. ಕಣ್ಣು ಮುಚ್ಚಿ ತಿನ್ನಿ. ನಿಮ್ಮ ನಾಲಿಗೆಗೆ ಏನೂ ಆಗಿಲ್ಲ.’

ಅವರು ಕಣ್ಣು ಮುಚ್ಚಿದರು. ಅಗಿದರು. ಒಬ್ಬ ಮನುಷ್ಯ ತಾನೊಬ್ಬನೇ ಒಂದು ಬಿಸ್ಕತ್ತು ತಿನ್ನುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ.

‘ಇಲ್ಲ,’ ಎಂದರು ಕೊನೆಗೆ. ‘ಸಕ್ಕರೆ ಇಲ್ಲ.’ ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು, ಜ್ವರ ಬಿಟ್ಟವನ ಮುಖ ಅದು. ಮಾತ್ರೆಯ ಬಾಟಲಿಗಳನ್ನು ಒಂದೊಂದಾಗಿ ಡ್ರಾಯರಿಗೆ ಹಾಕಿದರು. ಆಮೇಲೆ ಹಿಟ್ಟು ಕಲೆಸುವವನ ಕಡೆ ತಿರುಗಿ, ‘ಬುದ್ಧಿ ಇಲ್ವೇನೋ ನಿಂಗೆ? ಮೂಟೆ ಪಕ್ಕದಲ್ಲಿಟ್ಕೊಂಡು ಸಕ್ಕರೆ ಮರೀತೀಯಾ? ಮನೇಲಿ ಊಟಕ್ಕೆ ಅನ್ನ ಮರೀತೀಯಾ?’ ಎಂದು ಬೈಯತೊಡಗಿದರು, ಮತ್ತು ಅವನು ‘ಮರೆತೆ ಸಾರ್, ಮರೆತೆ’ ಎನ್ನುತ್ತ, ಬೈಗುಳದ ಒಂದೊಂದು ಮಾತಿಗೂ ತಲೆಯಾಡಿಸುತ್ತ, ಸುಖವಾಗಿ ಅತ್ತ. ಅವಳ ವಿಷಯ ಒಂದೇ ಮಾತಿನಲ್ಲಿ ಮುಗಿಯಿತು. ನಾಳೆಯಿಂದ ಪೊಟ್ಟಣ ಕಟ್ಟುವ ವಿಭಾಗ. ‘ಮಗು ಆದ್ಮೇಲೆ ನೋಡೋಣ,’ ಎಂದರು, ಹಿಂದಿನವಳಿಗೂ ಹಾಗೇ ಅಂದಿದ್ದರಂತೆ. ಬಿಳಿ ಕೋಟನ್ನು ಅಲ್ಲೇ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. ಅದಿಲ್ಲದೆ ಹೊಟ್ಟೆ ಎಲ್ಲರಿಗೂ ಕಾಣುವಷ್ಟಿತ್ತು. ಇಷ್ಟಿತ್ತೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಕೋಣೆಯ ಹೊರಗೆ ಹಿಟ್ಟು ಕಲೆಸುವವನು ಅವಳಿಗಾಗಿ ಕಾಯುತ್ತಿದ್ದ. ಮುಖ ತೊಳೆದುಕೊಂಡಿದ್ದ, ಕೆಲಸದ ಏಪ್ರನ್ ಆಗಲೇ ಕಟ್ಟಿಕೊಂಡಿದ್ದ. ಕೃತಜ್ಞತೆ ಹೇಳಿಬಿಟ್ಟರೆ ಏನು ಮಾಡುವುದೆಂದು ಅವಳಿಗೆ ಭಯವಾಯಿತು, ಅವನು ಹೇಳಲಿಲ್ಲ.

‘ಇನ್ನು ನೀವೇನು ತಿಂತೀರಿ ಮೇಡಂ?’ ಎಂದ.

ಇಷ್ಟು ದಿನದಲ್ಲಿ ಯಾಕೆ ತಿನ್ನುವುದಿಲ್ಲ ಎಂದು ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅವಳು ಗೊತ್ತಿಲ್ಲವೆಂದು ತಲೆಯಾಡಿಸಿದಳು. ಅವನು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, ‘ಬೆಳಗಿನ ಪಾಳಿ ಶುರುವಾಗೋಕೆ ಮುಂಚೆ ಒಲೆ ಬಿಸಿ ಮಾಡೋಕೆ ನಾನೊಬ್ಬನೇ ಇರ್ತೀನಿ. ಒಂದು ತಟ್ಟೆ ಸಕ್ಕರೆ ಹಾಕ್ದೆ ಬೇಯಿಸಿ ಇಡ್ಲಾ? ಈ ಸಲ ಯಾರಿಗೂ ಹೇಳಲ್ಲ,’ ಎಂದ. ಅದು ತಪ್ಪು, ಕಂಪನಿಯ ಹಿಟ್ಟು, ಸಿಕ್ಕಿಬಿದ್ದರೆ ಅವನ ಕೆಲಸವೇ ಹೋಗುತ್ತದೆ, ಅದೂ ಇಷ್ಟೆಲ್ಲ ಆದ ದಿನವೇ ಎಂದು ಹೇಳಲು ಅವಳು ಬಾಯಿ ತೆರೆದಳು. ಬಾಯಿ ತುಂಬ ನೀರೂರಿತ್ತು. ನುಂಗಿಕೊಂಡಳು.

‘ಹಾಲಿನ ಪುಡೀನೂ ಹಾಕ್ಬೇಡಿ,’ ಎಂದಳು.